2ರಿಂದ 8 ಡಿಗ್ರಿ: ಥರ್ಮೋಕೋಲ್ ಸಾಕಾ, ವ್ಯಾಕ್ಯೂಮ್ ಪ್ಯಾನೆಲ್ ಬೇಕಾ?

ಹೊಸ ರವಾನೆದಾರ: ಲಸಿಕೆ ವಿಮಾನದಲ್ಲಿ ಕಳಿಸಬೇಕು. ಮೂರು ದಿನದ ದಾರಿ, 2ರಿಂದ 8 ಡಿಗ್ರಿ ದಾಟಬಾರದು. ಥರ್ಮೋಕೋಲ್ ಪೆಟ್ಟಿಗೆ ಸಾಕಾ, ಫೋಮನ್ನು ಹಾಳೆಯಲ್ಲಿ ಸುತ್ತಿ ಗಾಳಿ ಹೀರಿ ತೆಗೆದ ವ್ಯಾಕ್ಯೂಮ್ ಪ್ಯಾನೆಲ್‌ನದ್ದೇ ಬೇಕಾ? ಬಳಸಿದವರು ಹೇಳಿ.

ಗೋದಾಮು ಗೆಳೆಯ: ವ್ಯಾಕ್ಯೂಮ್ ಪ್ಯಾನೆಲ್ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾರುವಾಗ ಐದು ದಿನ ತಡೆಯುತ್ತದೆ ಎಂದರು. ಹೊಸದಿದ್ದಾಗ ತಡೆಯಿತು, ಇಲ್ಲ ಅನ್ನಲ್ಲ. ಆಮೇಲೆ ಮಾಲು ಇಳಿಸಿಕೊಂಡವರು ಪಟ್ಟಿ ಕತ್ತರಿಸುವಾಗ ಚಾಕು ಒಳಗೆ ಇಳಿಸಿದ್ದಾರೆ. ಹಾಳೆಯಲ್ಲಿ ಕೂದಲೆಳೆಯಷ್ಟು ಸೀಳು, ನೋಡಿದರೆ ಕಾಣುವುದೇ ಇಲ್ಲ, ಬೆರಳಲ್ಲಿ ಒತ್ತಿದರೆ ಮಾತ್ರ ಹಲಗೆಯಂತೆ ಗಟ್ಟಿ ಇರಬೇಕಾದದ್ದು ಮೆತ್ತಗೆ ಒಳಗೆ ಹೋಗುತ್ತದೆ. ಗಾಳಿ ಹೊಕ್ಕ ಮೇಲೆ ಅದು ಸಾದಾ ಫೋಮು, ಅದೂ ತೆಳ್ಳಗಿನದು. ಇನ್ನು ಖಾಲಿ ಪೆಟ್ಟಿಗೆ ವಾಪಸ್ ತರಿಸುವ ಬಾಡಿಗೆ, ತೊಳೆಯುವ ಕೂಲಿ, ಪ್ರತಿ ಸಲ ಪ್ಯಾನೆಲ್ ಪರೀಕ್ಷೆ, ಬರದೇ ಹೋದ ಪೆಟ್ಟಿಗೆಗಳ ಲೆಕ್ಕ. ಥರ್ಮೋಕೋಲ್‌ಗೆ ಮರಳಿದೆ, ನೆಮ್ಮದಿಯಾಗಿದ್ದೇನೆ.

ಬಾಡಿಗೆ ಲೆಕ್ಕ: ವಾಪಸ್ ಬಾಡಿಗೆ ಕಂಡಿತು, ಹೋಗುವ ಬಾಡಿಗೆ ಕಾಣಲಿಲ್ವಾ? ಹಗುರ ಮಾಲಿಗೆ ವಿಮಾನದವರು ತೂಕ ನೋಡುವುದಿಲ್ಲ, ಗಾತ್ರ ನೋಡುತ್ತಾರೆ. 6000 ಘನ ಸೆಂಟಿಮೀಟರ್ ಅಂದರೆ ಒಂದು ಕಿಲೋ. ನಮಗೆ ತಂಪು ಪ್ಯಾಕ್ ಸೇರಿ ಒಳಗೆ 40 ಸೆಂ.ಮೀ. ಜಾಗ ಬೇಕಿತ್ತು. ಥರ್ಮೋಕೋಲ್ ಗೋಡೆ 10 ಸೆಂ.ಮೀ. ಇಟ್ಟರೆ ಹೊರಗೆ ಮೂರೂ ಕಡೆ 60, ಅಂದರೆ 36 ಕಿಲೋ. ವ್ಯಾಕ್ಯೂಮ್ ಗೋಡೆ ಎರಡೂವರೆ, ಹೊರಗೆ 45, ಬರೀ 15 ಕಿಲೋ ಚಿಲ್ಲರೆ. ಕೆಲವು ಕೊರಿಯರ್‌ನವರು 5000ದಿಂದ ಭಾಗಿಸುತ್ತಾರೆ, ಅಲ್ಲಿ ಇನ್ನೂ ಜಾಸ್ತಿ. ಯಾರದೋ ಚಾಕುವಿಗೆ ಪೆಟ್ಟಿಗೆಯನ್ನು ಬೈದರೆ ಹೇಗೆ?

ಗೋದಾಮು ಗೆಳೆಯ: ಚಾಕು ಇಲ್ಲದ ಗೋದಾಮು ತೋರಿಸಿ, ಆಮೇಲೆ ಪಾಠ ಹೇಳಿ.

ತಣ್ಣೀರು: ಇಬ್ಬರೂ ಗೋಡೆ ಹಿಡಿದು ಜಗಳ ಆಡುತ್ತಿದ್ದೀರಿ. ನಮ್ಮ ಮಾಲು ಹಾಳಾದದ್ದು ಬಿಸಿಗಲ್ಲ, ಚಳಿಗೆ. ಪ್ಯಾಕಿಂಗ್ ಗುತ್ತಿಗೆಯವರು ಮೈನಸ್ 20ರ ಫ್ರೀಜರಿಂದ ಜೆಲ್ ಪ್ಯಾಕ್ ತೆಗೆದು ಹಾಗೇ ಜೋಡಿಸಿದ್ದಾರೆ. ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುವವರೆಗೆ ಹೊರಗಿಡಬೇಕು ಅಂತ ಬರೆದೇ ಕೊಟ್ಟಿದ್ದೆವು! ಉಷ್ಣತೆ ದಾಖಲಿಸುವ ಲಾಗರ್‌ನಲ್ಲಿ ಮೊದಲ ರಾತ್ರಿಯೇ ಮೈನಸ್ 3. ಹೆಪಟೈಟಿಸ್ ಬಿ ಲಸಿಕೆ ಸುಮಾರು ಮೈನಸ್ ಅರ್ಧ ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೂ ಉಪಯೋಗಕ್ಕೆ ಬರಲ್ಲ. ಪೂರ್ತಿ ಸಾಗಣೆ ಕಸಕ್ಕೆ, ಸುಡಿಸುವ ಖರ್ಚು ನಮ್ಮ ತಲೆಗೆ. ಈಗ ಪಿಸಿಎಂ, ಅಂದರೆ 5 ಡಿಗ್ರಿಯಲ್ಲಿ ಕರಗುತ್ತಾ ಅದೇ ಉಷ್ಣತೆ ಹಿಡಿದಿಡುವ ಪದಾರ್ಥದ ಪ್ಯಾಕ್. ದುಬಾರಿ, ಆದರೆ ನಿದ್ದೆ ಬರುತ್ತದೆ.

ಬಾಡಿಗೆ ಲೆಕ್ಕ: ಪಿಸಿಎಂ ಅಂದರೆ ಬಹುತೇಕ ಪ್ಯಾರಾಫಿನ್. ಸೋರಿದರೆ ಲೇಬಲ್‌ಗಳೆಲ್ಲ ಜಿಡ್ಡು. ಅದಿರಲಿ, ಲಾಗರ್ ಎಲ್ಲಿಟ್ಟಿದ್ದಿರಿ? ಜೆಲ್ ಪ್ಯಾಕಿಗೆ ತಾಗಿದ್ದರೆ ಮೈನಸ್ ತೋರಿಸದೆ ಇನ್ನೇನು?

ತಣ್ಣೀರು: ಲಸಿಕೆಯ ಪಕ್ಕದಲ್ಲೇ ಇತ್ತು. ಹೆಪ್ಪುಗಟ್ಟಿತ್ತಾ ಅಂತ ಸೀಸೆ ಅಲ್ಲಾಡಿಸಿ ನೋಡುವ ಶೇಕ್ ಟೆಸ್ಟ್ ಕೂಡ ಮಾಡಿಸಿದೆವು, ಲಸಿಕೆ ಚೂರುಚೂರಾಗಿ ತಳಕ್ಕೆ ಕೂತಿತ್ತು. ಸುಮ್ನೆ ಅನುಮಾನ ಎಬ್ಬಿಸಬೇಡಿ.

ದಾರಿಹೋಕ: ಇಷ್ಟೆಲ್ಲ ಯಾಕೆ, ಡ್ರೈ ಐಸ್ ಹಾಕಿ ಬಿಗಿಯಾಗಿ ಟೇಪ್ ಸುತ್ತಿ ಕಳಿಸಿ.

ತಣ್ಣೀರು: ಮೈನಸ್ 78.5 ಡಿಗ್ರಿಯದ್ದನ್ನು ಇದಕ್ಕಾ? ಬಿಗಿಯಾಗಿ ಬೇರೆ! ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಆವಿಯಾಗುತ್ತಾ ಗ್ಯಾಸ್ ಬಿಡುತ್ತದೆ, ಪೆಟ್ಟಿಗೆ ಒಡೆಯುತ್ತದೆ. ವಿಮಾನದಲ್ಲಿ ಅದು ಅಪಾಯಕಾರಿ ಸರಕು, ಲೇಬಲ್ ಇಲ್ಲದಿದ್ದರೆ ತೆಗೆದುಕೊಳ್ಳುವುದೇ ಇಲ್ಲ.

ದಾರಿಹೋಕ: ನಾವು ಮೀನಿಗೆ ಹಾಕುತ್ತೇವೆ, ಏನೂ ಆಗಿಲ್ಲ.

ಗೋದಾಮು ಗೆಳೆಯ: ಮೀನಿಗೂ ಲಸಿಕೆಗೂ ವ್ಯತ್ಯಾಸ ಗೊತ್ತಿಲ್ಲದವರೂ ಸಲಹೆ ಕೊಡುವಂತಾಯ್ತು.

ಹೊಸ ರವಾನೆದಾರ: ನಮ್ಮದು ಹೊರಡುವುದು ಚಳಿಗಾಲದಲ್ಲಿ, ಇಳಿಯುವುದು ಸುಡುಬಿಸಿಲಿನ ಕಡೆ. ಅದಕ್ಕೆ ಯಾವುದು?

ಬಾಡಿಗೆ ಲೆಕ್ಕ: ಮೊದಲು ಹೊರ ಅಳತೆ ಹೇಳಿ.