ಪಂಪನಾ, ಕುಮಾರವ್ಯಾಸನಾ? ಯಾರ ಪ್ರಭಾವ ಜಾಸ್ತಿ ಉಳಿದಿದೆ?

ಹೊಸಓದುಗ:
ಇಬ್ಬರೂ ಮಹಾಭಾರತ ಬರೆದವರು. ನಡುವೆ ಸುಮಾರು 500 ವರ್ಷ. ಯಾರು ದೊಡ್ಡ ಕವಿ ಅಂತ ಕೇಳ್ತಿಲ್ಲ, ಆ ಜಗಳ ಮುಗಿಯೋದಿಲ್ಲ. ನಂತರ ಬಂದವರ ಮೇಲೆ ಯಾರ ಗುರುತು ಆಳವಾಗಿದೆ ಅಂತಷ್ಟೇ. ಆದಿಕವಿ ಅನ್ನೋ ಗೌರವಕ್ಕೆ ಸುಮ್ನೆ ಪಂಪನ ಹೆಸರು ಹೇಳಬೇಡಿ.

ಚಂಪೂರಾಯ:
ಗೌರವ ಬಿಟ್ಟು ನೋಡಿದರೂ ಪಂಪನೇ. ತನ್ನ ರಾಜ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ಕಥೆ ಕಟ್ಟಿದ. ಕೆಲವೇ ದಶಕ ಕಳೆಯುವಷ್ಟರಲ್ಲಿ ರನ್ನ ಅದೇ ದಾರಿ ಹಿಡಿದು ಸತ್ಯಾಶ್ರಯನನ್ನು ಭೀಮನಾಗಿಸಿ 'ಗದಾಯುದ್ಧ' ಬರೆದ. ಇನ್ನು ನಾಗಚಂದ್ರ ರಾಮಾಯಣ ಬರೆದೂ 'ಅಭಿನವ ಪಂಪ' ಅನ್ನಿಸಿಕೊಂಡ. ಕವಿಗಳಿಗೆ ಅಳತೆಗೋಲೇ ಪಂಪ ಆಗಿದ್ದ, ಇದಕ್ಕಿಂತ ಪ್ರಭಾವ ಬೇಕಾ?

ಗಮಕಪ್ರಿಯ:
ಅದು ಕವಿಗಳ ಮಾತಾಯಿತು. ಜನ? 'ಪಂಪ ಭಾರತ' ಅಚ್ಚಾಗಿದ್ದೇ 1898ರಲ್ಲಿ, ಶಾಸನತಜ್ಞ ಬಿ.ಎಲ್. ರೈಸ್ ಅವರಿಂದ. ಅದಕ್ಕೂ ಮೊದಲು ಅದು ಓಲೆಗರಿ ಓದಬಲ್ಲ ಪಂಡಿತರ ಸೊತ್ತು. ಕುಮಾರವ್ಯಾಸನ ಗದುಗಿನ ಭಾರತ ಹಾಗಲ್ಲ, ಅಕ್ಷರ ಬಾರದವರೂ ಜಗಲಿಯಲ್ಲಿ ಕೂತು ರಾತ್ರಿಯೆಲ್ಲ ಕೇಳಿದರು, ಪದ್ಯ ಬಾಯಿಗೆ ಬಂತು. ಅದರ ಆರು ಸಾಲಿನ ಛಂದಸ್ಸು ಭಾಮಿನಿ ಷಟ್ಪದಿ; ಮೂರು ಮಾತ್ರೆ, ಆಮೇಲೆ ನಾಲ್ಕು ಮಾತ್ರೆ ಅಂತ ಸಾಗುವ ಆ ನಡಿಗೆಯನ್ನೇ ತೊರವೆ ರಾಮಾಯಣವೂ ಹಿಡಿಯಿತು, ಕನಕದಾಸರ 'ನಳಚರಿತ್ರೆ'ಯೂ ಹಿಡಿಯಿತು. ಯಕ್ಷಗಾನ ಪ್ರಸಂಗಗಳಲ್ಲಿ ಇವತ್ತಿಗೂ ಭಾಗವತರು ಭಾಮಿನಿ ಹಾಡ್ತಾರೆ, ಅಲ್ವಾ?

ಕರ್ಣಪಕ್ಷ:
ಇಬ್ಬರನ್ನೂ ಒಂದೇ ಜಾಗದಲ್ಲಿ ಇಟ್ಟು ನೋಡಿ. ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸನ್ನಿವೇಶ. ಪಂಪನ ಕರ್ಣ ಒಂದು ಹಳೆಯ ಸಂಗತಿ ತೆಗೀತಾನೆ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಪಗಡೆ ಆಡುವಾಗ ಹಾರ ಹರಿದು ಮುತ್ತು ಚೆಲ್ಲಿದಾಗ, ದುರ್ಯೋಧನ ಅನುಮಾನ ಪಡದೆ 'ಇವನ್ನು ಆಯ್ದುಕೊಡಲೇ' ಅಂದನಲ್ಲ, ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಬೇಡನಾಗಲ್ವಾ ಅಂತಾನೆ. ಕುಮಾರವ್ಯಾಸ ಅಲ್ಲಿ 'ಕೊರಳ ಸೆರೆ ಹಿಗ್ಗಿದವು' ಅಂತ ಕರ್ಣನ ಗಂಟಲನ್ನೇ ತೋರಿಸ್ತಾನೆ. ಕಣ್ಣೀರು ಉಕ್ಕುತ್ತೆ, ಆದರೂ ಅವನಿಗೆ ಮೊದಲು ಹೊಳೆಯೋದು ಕುರುಪತಿಗೆ, ಅಂದರೆ ದುರ್ಯೋಧನನಿಗೆ, ಕೇಡಾಯಿತಲ್ಲ ಅನ್ನೋದು. ಕನ್ನಡದವರು ಕರ್ಣನಿಗೆ ಇಷ್ಟು ಮರುಗೋದು ಈ ಇಬ್ಬರಿಂದಲೂ. ಒಬ್ಬನಿಗೇ ಕೊಡಿ ಅಂದರೆ ನನ್ನ ಮತ ಕುಮಾರವ್ಯಾಸನಿಗೆ, ಕೇಳಿಸಿಕೊಂಡವರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು.

ಚಂಪೂರಾಯ:
ತಲೆ ಎಣಿಸಿದರೆ ನಾನು ಸೋತೆ ಬಿಡಿ. ಆದರೆ 20ನೇ ಶತಮಾನದಲ್ಲಿ ಪಂಪ ಮತ್ತೆ ಬಂದ ರಭಸ ನೋಡಿ. 'ಮನುಷ್ಯ ಜಾತಿ ತಾನೊಂದೆ ವಲಂ' ಗೊತ್ತಿಲ್ಲದ ಭಾಷಣಕಾರ ಇದ್ದಾನಾ? 'ಆದಿಪುರಾಣ'ದ ಸಾಲು ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಅದು ಬೇರೆ.

ಹೊಸಓದುಗ:
ಸರಿ, ಹಳಗನ್ನಡ ಬಾರದವನು ಎಲ್ಲಿಂದ ಶುರು ಮಾಡಲಿ?

ಗಮಕಪ್ರಿಯ:
ಗದುಗಿನ ಭಾರತದ ಉದ್ಯೋಗಪರ್ವ. ಮೊದಲು ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಹಾಡಿ ಓದೋದನ್ನ ಕೇಳಿ, ಆಮೇಲೆ ಪುಸ್ತಕ ತೆಗೀರಿ. ಪಂಪನಿಗೆ ಗದ್ಯಾನುವಾದ ಪಕ್ಕದಲ್ಲಿರಲಿ.