ಸಹಾಯ ಬೇಕು: ನದಿ ದಡದ ಉದ್ಯಾನದಲ್ಲಿ ಆಕಾಶ ಮತ್ತು ನೀರನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನದಿ ದಡದ ಉದ್ಯಾನವೊಂದರಲ್ಲಿ ಭೂದೃಶ್ಯಗಳ ಛಾಯಾಗ್ರಹಣ ಮಾಡುತ್ತಿದ್ದು, ಎರಡು ವಿಷಯಗಳಲ್ಲಿ ಅನುಭವಿಗಳ ಸಲಹೆ ಬೇಕಾಗಿದೆ.

ಸೂರ್ಯೋದಯದ ಹೊತ್ತಿಗೆ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ (ಬೆಳಕಿಗೆ ಸಂವೇದನೆ) 100, ಅಪರ್ಚರ್ (ಲೆನ್ಸ್‌ನ ಬೆಳಕಿನ ದ್ವಾರ) ಎಫ್/11ರಲ್ಲಿ ತೆಗೆಯುವಾಗ, ಆಕಾಶಕ್ಕೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬೀಳುವ ಬೆಳಕಿನ ಪ್ರಮಾಣ) ಹೊಂದಿಸಿದರೆ ದಡದ ಮರಗಳು ಬರೀ ಕಪ್ಪು ಆಕೃತಿಗಳಾಗುತ್ತವೆ, ಮರಗಳಿಗೆ ಹೊಂದಿಸಿದರೆ ಮೋಡಗಳ ವಿವರವೆಲ್ಲ ಬಿಳಿಚಿಕೊಳ್ಳುತ್ತದೆ. ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ ತೆಗೆದು ಜೋಡಿಸಬಹುದು, ನಿಜ. ಆದರೆ ಗಾಳಿಗೆ ಅಲುಗುವ ಎಲೆಗಳು ಒಂದು ಚಿತ್ರದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ, ಕೊಂಬೆಗಳ ಅಂಚಿನಲ್ಲಿ ನೆರಳಿನಂಥ ಜೋಡಿ ಗೆರೆಗಳು ಉಳಿಯುತ್ತವೆ. ಗ್ರಾಜುಯೇಟೆಡ್ ಫಿಲ್ಟರ್ (ಮೇಲ್ಭಾಗ ಮಾತ್ರ ಕಪ್ಪಾಗಿರುವ, ಲೆನ್ಸ್ ಮುಂದಿಡುವ ಗಾಜು) ಬಳಸಿದರೆ, ದಿಗಂತಕ್ಕಿಂತ ಮೇಲೆ ಚಾಚಿರುವ ಮರಗಳ ತುದಿಯೂ ಕಪ್ಪಾಗುವುದಿಲ್ಲವೇ?

ಎರಡನೆಯದು ಪೋಲರೈಸರ್, ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸುವ, ಪ್ರತಿಫಲಿಸಿದ ಹೊಳಪನ್ನು ತಗ್ಗಿಸುವ ಫಿಲ್ಟರ್. ಅದನ್ನು ತಿರುಗಿಸಿದಂತೆ ನೀರಿನ ಹೊಳಪು ಅಡಗಿ, ದಡದ ಬಳಿಯ ಕಲ್ಲುಗಳ ಮೇಲಿನ ಪಾಚಿಯೂ ಸ್ಪಷ್ಟವಾಗಿ ಕಾಣುತ್ತದೆ; ಆದರೆ ಮರಗಳ ಪ್ರತಿಬಿಂಬವೂ ಜೊತೆಗೇ ಮಾಸಿಹೋಗುತ್ತದೆ. (ಪ್ರತಿಬಿಂಬವಿಲ್ಲದ ನದಿಯ ಚಿತ್ರ ನನ್ನ ಮಟ್ಟಿಗೆ ಸಪ್ಪೆ.) ವೈಡ್ ಲೆನ್ಸ್‌ನಲ್ಲಂತೂ ಆಕಾಶದ ಒಂದು ಪಟ್ಟಿ ಮಾತ್ರ ಗಾಢ ನೀಲಿಯಾಗಿ ಅಸಹಜವಾಗಿ ಕಾಣುತ್ತದೆ. ಮುಂಭಾಗದ ಕಲ್ಲುಗಳನ್ನೂ ದೂರದ ಪ್ರತಿಬಿಂಬವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಫಿಲ್ಟರನ್ನು ಅರ್ಧಕ್ಕೆ ನಿಲ್ಲಿಸಬೇಕೋ, ಕ್ಯಾಮೆರಾದ ಎತ್ತರವನ್ನೇ ಬದಲಿಸಬೇಕೋ, ಬಲ್ಲವರು ದಯವಿಟ್ಟು ತಿಳಿಸಿ. ನೀವು ಬಳಸಿದ ಶಟರ್ ವೇಗವನ್ನೂ ಬರೆದರೆ ಅನುಕೂಲವಾಗುತ್ತದೆ.