ಡೆಬಿಯನ್ 12: ಆಪ್ಟ್ ‘ಎಲ್ಲ ಹೊಸದೇ’ ಅನ್ನುತ್ತಿದೆ, ಸ್ಕ್ಯಾನರ್ ಮಾತ್ರ ಎಸ್‌ಎಸ್‌ಎಚ್ ಹಳೇದು ಅನ್ನುತ್ತಿದೆ

ತುಂಗಾತೀರ, 9 ಜುಲೈ 2024

ಎಲ್ಲರಿಗೂ ನಮಸ್ಕಾರ. ಆಫೀಸಿನ ಡೆಬಿಯನ್ 12 (ಲಿನಕ್ಸ್) ಸರ್ವರ್ ಇಂಟರ್ನೆಟ್‌ಗೆ ತೆರೆದಿದೆ. ಅದರಲ್ಲಿ ಸಿವಿಇ-2024-6387 ಅನ್ನುವ ಭದ್ರತಾ ದೋಷ ಇದೆ, ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಫ್ಟ್‌ವೇರ್) 9.8ಪಿ1 ಹಾಕಿ ಅಂತ ಸೆಕ್ಯುರಿಟಿ ಸ್ಕ್ಯಾನರ್ ರಿಪೋರ್ಟ್ ಕೊಟ್ಟಿದೆ. ಈಗಿರುವುದು 9.2ಪಿ1. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್‌ನ ಅಪ್‌ಡೇಟ್, ಅಪ್‌ಗ್ರೇಡ್ ಎರಡೂ ಓಡಿಸಿದೆ, ಹೊಸದೇನೂ ಬರಲಿಲ್ಲ. ಸೋರ್ಸ್ ತಂದು ಕಂಪೈಲ್ ಮಾಡಲೇ? ಟೆಸ್ಟಿಂಗ್ ರೆಪೊದಿಂದ (ಮುಂದಿನ ಡೆಬಿಯನ್‌ಗೆ ತಯಾರಾಗುತ್ತಿರುವ ಪ್ಯಾಕೇಜ್‌ಗಳ ಭಂಡಾರ) ಇದೊಂದೇ ಪ್ಯಾಕೇಜ್ ಎಳೆದುಕೊಳ್ಳಲೇ? ಇಲ್ಲ ಕಾಯಬೇಕಾ?

ಬೇರುಮಟ್ಟ

ದಯವಿಟ್ಟು ಕಂಪೈಲ್ ಮಾಡಬೇಡಿ. ಇವತ್ತಿನ ರಿಪೋರ್ಟ್ ಸರಿಹೋಗುತ್ತದೆ, ನಿಜ. ಆದರೆ ಆಮೇಲೆ ಆ ಎಸ್‌ಎಸ್‌ಎಚ್ ಆಪ್ಟ್ ಲೆಕ್ಕದಲ್ಲೇ ಇರುವುದಿಲ್ಲ. ಮುಂದಿನ ದೋಷ ಬಂದಾಗ ಅದನ್ನು ನೀವೇ ನೆನಪಿಟ್ಟು ಮತ್ತೆ ಕಟ್ಟಬೇಕು.

ಟೆಸ್ಟಿಂಗ್‌ನಿಂದ ಎಳೆದರೆ ಒಂದೇ ಪ್ಯಾಕೇಜ್ ಬರುವುದಿಲ್ಲ, ಜೊತೆಗೆ ಲಿಬ್‌ಸಿಯಂಥ ಲೈಬ್ರರಿಗಳೂ ಬರುತ್ತವೆ. ಸ್ಟೇಬಲ್ (ಬಿಡುಗಡೆಯಾದ ಡೆಬಿಯನ್) ಸರ್ವರ್ ಅರ್ಧ ಟೆಸ್ಟಿಂಗ್ ಆಗಿಬಿಡುತ್ತದೆ. ಸೆಕ್ಯುರಿಟಿ ಪ್ಯಾಚ್ ಟೆಸ್ಟಿಂಗ್‌ಗೆ ತಡವಾಗಿ ಬರುವುದೂ ಉಂಟು.

ಡೆಬಿಯನ್ ಸ್ಟೇಬಲ್‌ನಲ್ಲಿ ಸಾಮಾನ್ಯವಾಗಿ ವರ್ಷನ್ ಬದಲಾಗುವುದಿಲ್ಲ. ಹೊಸ ವರ್ಷನ್‌ನ ದೋಷ ಸರಿಮಾಡಿದ ನಾಲ್ಕು ಸಾಲನ್ನು ಮಾತ್ರ ತೆಗೆದು ಹಳೇ ವರ್ಷನ್‌ಗೆ ಹೊಲಿಯುತ್ತಾರೆ. ಇದೇ ಬ್ಯಾಕ್‌ಪೋರ್ಟ್. ನಿಮ್ಮ ಸೆಟ್ಟಿಂಗ್ ಯಾವುದೂ ಕೆಡುವುದಿಲ್ಲ. ಹಾಗಾಗಿ 9.2ಪಿ1 ಅಂತ ಕಂಡ ಮಾತ್ರಕ್ಕೆ ದೋಷ ಇದೆ ಅಂತಲ್ಲ. ನೋಡಬೇಕಾದ್ದು ಬಾಲವನ್ನು, ಅಂದರೆ ವರ್ಷನ್ ಸಂಖ್ಯೆಯ ಕೊನೆಯ ಭಾಗವನ್ನು. ಈ ದೋಷ ಹೊರಬಿದ್ದ ಜುಲೈ 1ರಂದೇ ಡೆಬಿಯನ್ ಪ್ಯಾಚ್ ಬಿಟ್ಟಿದೆ: 9.2ಪಿ1-2+ಡೆಬ್12ಯು3. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಕಂಡಾಗಲೂ ಹೀಗೇ ಆಗಿತ್ತು. ಓಪನ್‌ಎಸ್‌ಎಸ್‌ಎಲ್ 1.0.1ಜಿ ಬೇಕು ಅಂತ ಎಲ್ಲರೂ ಹುಡುಕುತ್ತಿದ್ದರು, ಡೆಬಿಯನ್ ಮತ್ತು ಇನ್ನೊಂದು ಲಿನಕ್ಸ್ ಆದ ರೆಡ್ ಹ್ಯಾಟ್ ಎರಡೂ 1.0.1ಇಗೇ ಪ್ಯಾಚ್ ಹಾಕಿ ಕೊಟ್ಟಿದ್ದವು.

ಡಿಪಿಕೆಜಿ -ಎಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್ ಓಡಿಸಿ. ವರ್ಷನ್ ಕೊನೆಯಲ್ಲಿ ಏನಿದೆ ಹೇಳಿ.

ತುಂಗಾತೀರ

ಡೆಬ್12ಯು2 ಅಂತಿದೆ.

ಬೇರುಮಟ್ಟ

ಹಾಗಾದರೆ ಸ್ಕ್ಯಾನರ್ ಹೇಳಿದ್ದು ಸರಿ. ಯು2 ಕಳೆದ ಡಿಸೆಂಬರಿನದು. ಎಂಟು ದಿನದ ಹಿಂದೆ ಬಂದ ಪ್ಯಾಚ್ ಆಪ್ಟ್ ಕಣ್ಣಿಗೆ ಬಿದ್ದಿಲ್ಲ ಅಂದರೆ ಸೆಕ್ಯುರಿಟಿ ರೆಪೊ ಜೋಡಿಸಿಲ್ಲ ಅನ್ನಿಸುತ್ತದೆ. /ಇಟಿಸಿ/ಆಪ್ಟ್ ಒಳಗಿನ ಸೋರ್ಸಸ್ ಫೈಲಿನಲ್ಲಿ ‘ಬುಕ್‌ವರ್ಮ್-ಸೆಕ್ಯುರಿಟಿ’ ಅನ್ನುವ ಸಾಲು ಇದೆಯಾ? (ಬುಕ್‌ವರ್ಮ್ ಅಂದರೆ ಡೆಬಿಯನ್ 12.)

ತುಂಗಾತೀರ

ಇಲ್ಲ! ‘ಬುಕ್‌ವರ್ಮ್ ಮೈನ್’ ಒಂದೇ ಇದೆ. ಸರ್ವರ್ ಹಾಕಿಕೊಟ್ಟವರು ಅಷ್ಟೇ ಬಿಟ್ಟಿದ್ದಾರೆ.

ಬೇರುಮಟ್ಟ

ಆ ಸಾಲು ಸೇರಿಸಿ ಮತ್ತೆ ಅಪ್‌ಡೇಟ್ ಮಾಡಿ. ಅದಿಲ್ಲದಿದ್ದರೆ ಪ್ಯಾಚ್ ಸಿಗುವುದು ಮುಂದಿನ ಪಾಯಿಂಟ್ ರಿಲೀಸ್ (ಪ್ಯಾಚ್‌ಗಳನ್ನು ಒಟ್ಟುಗೂಡಿಸಿದ ಬಿಡುಗಡೆ) ಬಂದಾಗ. ತೆರೆದ ಸರ್ವರ್‌ಗೆ ಅಷ್ಟು ದಿನ ತುಂಬಾ ಜಾಸ್ತಿ.

ಅಗಸೆಬಾಗಿಲು

ನಡುವೆ ಒಂದು ಪ್ರಶ್ನೆ. ನಮ್ಮದು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9. 22ನೇ ಪೋರ್ಟಿಗೆ ಕನೆಕ್ಟ್ ಆದರೆ ಬ್ಯಾನರಿನಲ್ಲಿ (ಸರ್ವರ್ ಮೊದಲು ಕಳಿಸುವ ಸಾಲಿನಲ್ಲಿ) 8.7 ಅಂತಷ್ಟೇ ಬರುತ್ತದೆ. ಪ್ಯಾಚ್ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಲೈವ್‌ಪ್ಯಾಚ್ ಹಾಕಿಕೊಂಡರೆ ಸಾಕಲ್ವಾ?

ಬೇರುಮಟ್ಟ

ಡೆಬಿಯನ್ ಬ್ಯಾನರ್ ಬಾಲವನ್ನೂ ತೋರಿಸುತ್ತದೆ, ರೆಡ್ ಹ್ಯಾಟ್ ತೋರಿಸುವುದಿಲ್ಲ. ಹೊರಗಿನಿಂದ ನೋಡುವ ಸ್ಕ್ಯಾನರ್ ಅಲ್ಲಿ ಸುಮ್ನೆ ಊಹೆ ಮಾಡುತ್ತದೆ. ಸರ್ವರ್ ಒಳಗೆ ಹೋಗಿ ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್ ಓಡಿಸಿ, ಅದರಲ್ಲಿ 6387 ಹುಡುಕಿ. ಸೆಕ್ಯುರಿಟಿ ಪ್ಯಾಚ್ ಮಾತ್ರ ಬೇಕಿದ್ದರೆ ಡಿಎನ್‌ಎಫ್ ಅಪ್‌ಗ್ರೇಡ್ --ಸೆಕ್ಯುರಿಟಿ ಇದೆ. ಸೂಸೆ ಲಿನಕ್ಸ್‌ನಲ್ಲಿ ಜಿಪ್ಪರ್ ಪ್ಯಾಚ್ --ಕೆಟಗರಿ ಸೆಕ್ಯುರಿಟಿ.

ಲೈವ್‌ಪ್ಯಾಚ್ ಇದಕ್ಕೆ ಆಗುವುದಿಲ್ಲ. ಅದು ಓಡುತ್ತಿರುವ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ. ಎಸ್‌ಎಸ್‌ಎಚ್ ಕರ್ನಲ್ ಒಳಗಿಲ್ಲ.

ತುಂಗಾತೀರ

ಸಾಲು ಸೇರಿಸಿದೆ, ಯು3 ಬಂತು. ಬ್ಯಾನರಿನಲ್ಲೂ ಅದೇ ಇದೆ. ಆದರೆ ಜೊತೆಗೆ ಉದ್ದದ ಪಟ್ಟಿಯೇ ಅಪ್‌ಗ್ರೇಡ್ ಆಯಿತು, ಕರ್ನಲ್ ಕೂಡ. ತುಂಬಾ ಥ್ಯಾಂಕ್ಸ್ ಸರ್.

ಬೇರುಮಟ್ಟ

ಒಳ್ಳೆಯದಾಯಿತು. ಎಸ್‌ಎಸ್‌ಎಚ್ ಸರ್ವಿಸನ್ನು ಪ್ಯಾಕೇಜೇ ರೀಸ್ಟಾರ್ಟ್ ಮಾಡುತ್ತದೆ. ಉಳಿದ ಕೆಲವು ಸರ್ವಿಸ್‌ಗಳು ಹಳೇ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರಬಹುದು. ನೀಡ್‌ರೀಸ್ಟಾರ್ಟ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಯಾವುವು ಅಂತ ಅದೇ ಹೇಳುತ್ತದೆ. ಕರ್ನಲ್ ಬಂದಿದೆ ಅಂದಿರಲ್ಲ, ಅದಕ್ಕೆ ರೀಬೂಟ್ ಆಗಲೇಬೇಕು. ಇವತ್ತು ರಾತ್ರಿಯೇ ಸಮಯ ಮಾಡಿಕೊಳ್ಳಿ.